ಅಳತೆ ಪುಸ್ತಕ: ಹುಲಿಕೆರೆ ಸುರಂಗದ ಮುಂದೆ

ಬೆಳಿಗ್ಗೆ ಏಳಕ್ಕೆ ಸೇತುವೆಯ ಕಂಬಿಗೆ ಹಗ್ಗ ಬಿಗಿದು
ಮೀಟರನ್ನು ಇಳಿಸುತ್ತೇನೆ. ಕಾಲಡಿ ವಿ.ಸಿ. ನಾಲೆ.
ಪುಟ್ಟ ಗಿರಿಗಿಟ್ಲೆ, ಅದರ ಕೆಳಗೊಂದು ಸೀಸದ ಮೀನು.
ಕಿವಿಯಲ್ಲಿ ಟಿಕ್, ಟಿಕ್, ಟಿಕ್.
ನಿಮಿಷಕ್ಕೆ ಎಷ್ಟೆಂದು ಎಣಿಸಿ
ಎರಡು ಮೊಳ ಆಚೆ ಸರಿದು ಮತ್ತೆ ಮೊದಲಿಂದ.

ನೀರುಗಂಟಿ ಮರಿಜವರಯ್ಯ ಏರಿ ಮೇಲೆ ಕೂತು
ಎಲೆಗೆ ಸುಣ್ಣ ಸವರುತ್ತಾ ಕೇಳಿದರು:
"ಒಂದೇ ನೀರ್ನ ಇಪ್ಪತ್ತು ಕಡೆ ಕೇಳದ್ಯಾಕವ್ವ?"

ಒಂದೇ ನೀರಲ್ಲ, ಅಯ್ಯ.
ಗೋಡೆಗೆ ತಾಗಿದ್ದು ಕಲ್ಲಿನ ಜೊತೆ ನಿಂತೇ ಬಿಟ್ಟಿದೆ,
ಅದಕ್ಕೇ ಅಲ್ಲಿ ಪಾಚಿ.
ಒಂದು ಗೇಣು ಈಚೆಗೆ ನಡಿಗೆ,
ನಡುನಾಲೆಯಲ್ಲಿ ಓಟ,
ಅದೂ ಮೇಲಲ್ಲ, ಚೂರು ಕೆಳಗೆ, ನೋಡಿದರೆ ತಿಳಿಯದ ಕಡೆ.
ಪ್ರತಿ ಬಿಂದುವಿಗೂ ಒಂದು ಬಾಣ ಬರೆಯುತ್ತೇನೆ:
ಇಲ್ಲಿ ಇಷ್ಟುದ್ದ, ಇಲ್ಲಿ ಇಷ್ಟೇ,
ಇಲ್ಲಿ, ಕಂಬದ ಬೆನ್ನಿಗೆ, ಹಿಂದಕ್ಕೆ.

"ಅದು ನಂಗೊತ್ತು," ಅಂದರು. "ನಮ್ ತಂಗಿ ಲಗ್ನದ ವರ್ಷ
ಅದೇ ಕಂಬದ ಹಿಂದೆ ಒಂದು ಬಿಂದಿಗೆ
ಮೂರು ದಿವ್ಸ ಸುತ್ತಿದ್ದೇ ಸುತ್ತಿದ್ದು."

ಆಮೇಲೆ ಎದ್ದು ಹೊಂಗೆ ಎಲೆಯೊಂದನ್ನು ಕಿತ್ತು ಬಿಟ್ಟರು.
ಎಲೆಯ ಜೊತೆ ತಾವೂ ಏರಿಗುಂಟ ಹೊರಟರು:
ಮೊದಲು ಮೆಲ್ಲಗೆ, ಆಮೇಲೆ ಪಂಚೆ ಎತ್ತಿ ಕಟ್ಟಿ,
ನಾಲೆ ಇರುಕಾಗುವ ಸುರಂಗದ ಬಾಯಲ್ಲಿ
ಅರವತ್ತು ತುಂಬಲಿರುವ ಮನುಷ್ಯ ಓಡಿದರು.

ನನ್ನ ಬಾಣ ಒಂದೂ ಅಲುಗಲಿಲ್ಲ.
ಇದ್ದಲ್ಲೇ ಇದ್ದವು, ಇದ್ದಷ್ಟೇ ಉದ್ದ.
ಎಲೆಗೆ ಮಾತ್ರ ಅವಸರ ಬಂತು.
ಮೈಸೂರಿನ ಕಾಲೇಜಿನಲ್ಲಿ ಇದನ್ನೊಂದು ಸಮೀಕರಣವಾಗಿ
ಬಾಯಿಪಾಠ ಮಾಡಿ ಪಾಸಾಗಿದ್ದೆ.

ಏದುಸಿರು ಬಿಡುತ್ತಾ ವಾಪಸು ಬಂದು ಅಂದರು:
"ಒಳಕ್ಕೋಯ್ತು. ಇನ್ನು ಅದರ ಪಾಡು ಅದಕ್ಕೆ."

ಭಾನುವಾರ ರಾತ್ರಿ ನೀರು ಕಟ್ಟಿದರು.
ಸೋಮವಾರ ಹೋದರೆ ನಾಲೆಯ ತಳದಲ್ಲಿ
ಒಂಟಿ ಚಪ್ಪಲಿ, ಬೈಕಿನ ಕನ್ನಡಿ,
ಅಂಗೈಯಗಲ ರಾಡಿಯಲ್ಲಿ ಗೊದಮೊಟ್ಟೆಗಳು.
ಗಿರಿಗಿಟ್ಲೆ ಹಿಡಿದೆ. ಟಿಕ್ ಇಲ್ಲ.
ಪುಟದ ತುಂಬಾ ಸೊನ್ನೆ, ಸೊನ್ನೆ, ಸೊನ್ನೆ.

ಅಯ್ಯ ಕುಕ್ಕರುಗಾಲಲ್ಲಿ ಕೂತು ಬೆರಳದ್ದಿದರು.
"ವಸಿ ತಾಳವ್ವ. ಮೇಲ್ಗಡೆ ಗೇಟು ಸೋರ್ತಾ ಅದೆ."
ಬೆರಳ ಸುತ್ತ ಕೂದಲೆಳೆಯಷ್ಟು ಗೆರೆ
ಕವಲೊಡೆದು ಮತ್ತೆ ಕೂಡಿಕೊಂಡಿತು.

ಮೀಟರಿಗೆ ಅದು ಕೇಳಿಸುವುದಿಲ್ಲ.
ಸೊನ್ನೆಯೊಂದನ್ನು ಅಳಿಸಿ ಬಾಣ ಬರೆದೆ, ಅಕ್ಕಿಕಾಳಿನಷ್ಟು.
ಷರಾ ಕಾಲಂನಲ್ಲಿ: ಬೆರಳಿನಿಂದ ಅಳೆದದ್ದು, ಮ.ಜ.