೨೧೪-ಅ

ಸೊಲ್ಲಾಪುರದ ನಗರ ಕಲಾ ಸಂಗ್ರಹಾಲಯದಲ್ಲಿ
ಹತ್ತೊಂಬತ್ತು ವರ್ಷದ ರಜಿಸ್ಟರು ನನ್ನ ಕೈಬರಹ.
ಅದಕ್ಕೂ ಹಿಂದಿನದು ಮೋಡಿ ಲಿಪಿಯಲ್ಲಿದೆ,
ಓದಬಲ್ಲವರು ಯಾರೂ ಉಳಿದಿಲ್ಲ.

ಗಿರಣಿ ಧಣಿ ವಿಲಾಯತಿಯಿಂದ ತರಿಸಿದ್ದು ಮೊದಲ ಇನ್ನೂರು:
ಕುದುರೆಗಳ ಚಿತ್ರ, ಮಂಜಿನ ಚಿತ್ರ,
ಯಾರೋ ಯಾರನ್ನೋ ಕ್ಷಮಿಸುತ್ತಿರುವ ಚಿತ್ರ.
ಅವುಗಳ ಮುಂದೆ ಜನ ಚಪ್ಪಲಿ ಬಿಡುತ್ತಿದ್ದರು, ನಿಲ್ಲುತ್ತಿರಲಿಲ್ಲ.
ನಿಲ್ಲುತ್ತಿದ್ದದ್ದು ಹಿಂದಿನ ಕೋಣೆಯಲ್ಲಿ,
ಧೋತರದ ಥಾನಿಗೆ ಅಂಟಿಸುವ ಬಣ್ಣದ ಚೀಟಿಗಳ ಎದುರು:
ಹುಲಿ, ಗಡಿಯಾರ, ಹಾವು ಹಿಡಿದ ಹುಡುಗಿ.
ಅಪ್ಪಂದಿರು ಮಕ್ಕಳನ್ನು ಎತ್ತಿ ತೋರಿಸುತ್ತಿದ್ದರು,
"ಈ ಹುಲಿ ನಾ ಹಚ್ತಿದ್ದೆ ನೋಡು, ದಿನಕ್ಕ ಎಂಟ್ನೂರು."

೨೧೪: ಪ್ಲಾಸ್ಟರಿನ ಹೆಂಗಸು, ಗ್ರೀಸ್ ದೇಶದವಳ ನಕಲು.
ಕೈಗಳಿಲ್ಲ.
ಇಲ್ಲದೆಯೇ ಬಂದವಳು ಅಂತ ನನಗೆ ಗೊತ್ತಿರಲಿಲ್ಲ,
ಪಾಲಿಕೆಗೂ ಗೊತ್ತಿರಲಿಲ್ಲ.
ಮಂತ್ರಿಗಳು ಬರುವ ವಾರ ಮೇಲಿಂದ ಕಾಗದ ಬಂತು,
ಮುರಿದದ್ದನ್ನೆಲ್ಲ ಕೂಡಲೇ ದುರಸ್ತಿ ಮಾಡಿಸುವುದು.
ಪಟ್ಟಿ ಮಾಡಿದೆ: ಕುರ್ಚಿ, ಎರಡು. ಕಿಟಕಿ, ಒಂದು. ಕೈ, ಎರಡು.

ಗಣಪತಿ ಮಾಡುವ ಮಲಕಪ್ಪ ಕುಂಬಾರ ಬಂದ,
ಅವಳ ಸುತ್ತ ಒಂದು ಸುತ್ತು ಹಾಕಿದ.
"ಗಣಪ್ಪಗ ನಾಕ್ನಾಕು ಹಚ್ಚಿದಾಂವರಿ ನಾ, ಎರಡು ಏನು ಮಹಾ.
ಆದ್ರ ಈಕಿ ಏನು ಮಾಡಾಕತ್ತಿದ್ಲು?
ಕೆಲಸ ಗೊತ್ತಿಲ್ದ ಕೈ ಮಾಡಾಕ ಬರಂಗಿಲ್ರಿ."
ನನಗೇನು ಗೊತ್ತು. ಏನಾದರೂ ಮಾಡಪ್ಪ, ಅಂದೆ.

ಮೂರನೇ ದಿನ ಬಂದವು, ಗೋಣಿಚೀಲದಲ್ಲಿ, ಹುಲ್ಲಿನ ನಡುವೆ.
ಒಂದು ತುಸು ಮುಂದಕ್ಕೆ, ಬೆರಳ ತುದಿ ಕೂಡಿ
ಇಲ್ಲದ ಎಳೆಯೊಂದನ್ನು ಹಿಡಿದಿತ್ತು.
ಇನ್ನೊಂದು ಸೊಂಟದ ಹತ್ತಿರ,
ತಿರುಗುವ ಕಂಡಿಕೆಯನ್ನು ತಡೆಯುವ ಅಂಗೈ.
ತೋರುಬೆರಳಿಗೆ ಕೂದಲೆಳೆಯಷ್ಟು ಒಂದು ಗೀರು,
ಮೂವತ್ತು ವರ್ಷ ನೂಲು ಒಂದೇ ಜಾಗದಲ್ಲಿ ಹರಿದರೆ ಬೀಳುವಂಥದ್ದು.

ಮಂತ್ರಿಗಳು ಬರಲಿಲ್ಲ.
ಸಂಜೆಯ ಭೋಂಗಾ ಆದಮೇಲೆ
ವಾಯಿಂಡಿಂಗ್ ಖಾತೆಯ ಹೆಂಗಸರು ಬಂದರು,
ಬುತ್ತಿ ಡಬ್ಬಿ ಕಂಕುಳಲ್ಲೇ, ತಲೆಯಲ್ಲಿ ಹತ್ತಿ.
"ಹೆಬ್ಬಟ್ಟು ಇನ್ನಟು ಮ್ಯಾಲೆ ಬೇಕಿತ್ತು."
"ಇಲ್ಲವಾ, ಭೌರವ್ವನ ರೂಢಿ ಹಂಗೇ."
ಆಗ ನನಗೆ ತಿಳಿಯಿತು, ಮಲಕಪ್ಪನ ಮನೆಯಾಕೆ ಯಾರೆಂದು.
ಒಂದು ದಿನ ಆಕೆಯೂ ಬಂದಳು, ಕೆಮ್ಮುತ್ತ.
ಬಹಳ ಹೊತ್ತು ನೋಡಿ, ಸೆರಗಿನೊಳಗೇ ನಕ್ಕಳು.
"ಮೈ ಯಾರದೋ ಏನೋ, ಕೈ ನಂದು.
ಇಷ್ಟು ಬೆಳ್ಳಗ ಇರೂದು ಪಾಳಿ ಬಿಟ್ಟಾಗ ಅಷ್ಟ."

ಏಳು ವರ್ಷಕ್ಕೆ ಮುಂಬಯಿಯಿಂದ ತಜ್ಞರು ಬಂದರು.
ಒಮ್ಮೆ ಅವಳನ್ನು ನೋಡಿದರು, ಒಮ್ಮೆ ನನ್ನನ್ನು.
ಗರಗಸ ಬಂತು. ಬಿಳಿ ಹುಡಿ
ನನ್ನ ಮೇಜಿನ ಮೇಲೆ ಎರಡು ದಿನ ಇತ್ತು.
೨೧೪ರ ಮುಂದೆ ಬರೆದೆ: ಮೂಲ ಸ್ಥಿತಿಗೆ ತರಲಾಗಿದೆ.
ಕೈಗಳನ್ನು ಎಸೆಯಿರಿ, ಅಂದರು.
ಎಸೆಯಬೇಕಾದರೂ ಅದಕ್ಕೊಂದು ಸಂಖ್ಯೆ ಬೇಕಲ್ಲ ಸಾಹೇಬರೇ,
ಅಂತ ರಜಿಸ್ಟರು ತೆಗೆದೆ.

೨೧೪-ಅ. ಕೈ, ಎರಡು.
ಶಿಲ್ಪಿ: ಮಲಕಪ್ಪ ಕುಂಬಾರ.
ವಿಷಯ: ನೂಲು ಸುತ್ತುವುದು.
ಬೆಲೆ: ಮೂವತ್ತೈದು ರೂಪಾಯಿ, ಬಾಕಿ.
ಇಡೀ ಮರಾಠಿ ರಜಿಸ್ಟರಿನಲ್ಲಿ
ಕನ್ನಡದ್ದು ಇವು ನಾಲ್ಕೇ ಸಾಲು;
ಅವಸರದಲ್ಲಿದ್ದೆ, ಬೇರೆ ಭಾಷೆ ಬರಲಿಲ್ಲ.

ಹಣ ನಿಜವಾಗಿಯೂ ಬಾಕಿಯೇ ಇತ್ತು. ಪಾಲಿಕೆ ಅಲ್ಲವೇ.
ಭೌರವ್ವ ಹೋದ ವರ್ಷ
ಮಂಜೂರಾತಿ ಬಂತು, ಮೊಹರು ಸಹಿತ.
ನಾನೇ ಸೈಕಲ್ ತುಳಿದು ಹೋಗಿ ಸಹಿ ಕೇಳಿದೆ.
ಅಂಗಳದ ತುಂಬ ಸೊಂಡಿಲಿಲ್ಲದ ಗಣಪತಿಗಳು ಒಣಗುತ್ತಿದ್ದವು.
ಆತ ಕಾಗದ ಮುಟ್ಟಲಿಲ್ಲ.
"ಬಾಕಿ ಇರೂ ತನಕ ಮಾಲು ಒಗಿಯಂಗಿಲ್ಲ ಅಂತಿದ್ರಿ ಹೌದಲ್ಲೋ?"
ಹೌದು, ಅಂದೆ, ಆಡಿಟ್ಟಿನವರು ಬಿಡುವುದಿಲ್ಲ.
"ಹಂಗಾರ ಇರ್ಲಿ ಬಿಡ್ರಿ," ಅಂದ,
ಒದ್ದೆ ಕೈ ಧೋತರಕ್ಕೆ ಒರೆಸಿಕೊಳ್ಳುತ್ತ. "ಚಾ ಕುಡೀತೀರೇನು?"