ಕಾಲಂ ಏಳು: ತಿಂಗಳ ವರಮಾನ

ಕೋರ್ಟಿನ ಗೇಟಿಗೆದುರು, ಹೊಂಗೆ ಮರದ ಕೆಳಗೆ
ನನ್ನ ಮೇಜು, ನನ್ನ ಟೈಪ್ ಮಿಷನ್ನು, ಮೂವತ್ತೊಂದು ವರ್ಷ.
ಮೈಸೂರಿನಲ್ಲಿ ಮುರಿದ ಮೂಳೆಗಳೆಷ್ಟೋ
ಈ ರಿಬ್ಬನ್ನಿನ ಮೇಲೆ ಹಾದುಹೋಗಿವೆ.

ಚೆನ್ನಾಜಮ್ಮ ಬಂದದ್ದು ಒಂದು ಮಂಗಳವಾರ,
ಕ್ಯಾತಮಾರನಹಳ್ಳಿಯಿಂದ, ಬಸ್ಸಿನಲ್ಲಿ ನಿಂತುಕೊಂಡೇ.
ಬಲಗೈಯನ್ನು ಸೆರಗಿನೊಳಗೆ
ಬೇರೆಯವರ ಮನೆ ಮಗುವಿನಂತೆ ಹಿಡಿದಿದ್ದಳು.

ಹೊಸೆದ ಊದುಕಡ್ಡಿ ಒಪ್ಪಿಸೋಕೆ ಹೊಂಟಿದ್ದೆ, ಸ್ವಾಮಿ.
ಫೌಂಟನ್ ಸರ್ಕಲ್ ತಾವ ಹಾಲಿನ ವ್ಯಾನು
ಹಿಂದಕ್ಕೆ ಬಂತು.
ಮುಂದ್ಕೆ ಬರೋದನ್ನ ನೋಡ್ಕಂಡು ಬದುಕ್ದೋಳು,
ಹಿಂದಕ್ಕೆ ಬರೋದು ಗೊತ್ತಾಗ್ನಿಲ್ಲ.
ಆರು ಸಾವ್ರ ಕಡ್ಡಿ ರಸ್ತೆ ಮ್ಯಾಲೆ.
ಜನ ನನ್ನ ಎತ್ತಿದ್ರು,
ಒಬ್ಬ ಹುಡುಗ ಮಾತ್ರ ಕಡ್ಡಿ ಆರಿಸ್ತಾ ಕೂತ.

ದೊಡ್ಡಾಸ್ಪತ್ರೆಯ ಮಂಚದ ಹತ್ತಿರ ವ್ಯಾನಿನ ಮಾಲೀಕ ಬಂದನಂತೆ:
ನಾಲ್ಕು ಎಳನೀರು, ಹತ್ತು ಸಾವಿರ, ಒಂದು ಛಾಪಾಕಾಗದ.
"ಕೇಸು ಗೀಸು ಯಾಕಮ್ಮ, ಎಡಗೈ ಹೆಬ್ಬೆಟ್ಟಾದ್ರೂ ನಡೆಯುತ್ತೆ."
ದುಡ್ಡು, ಕಾಗದ ವಾಪಸ್ಸು ಕೊಟ್ಟಳು. ಎಳನೀರು ಕುಡಿದಳು.
ಬಾಯಾರಿತ್ತು, ಅಂದಳು.

ನಾನು ವಕೀಲನಲ್ಲ. ಆದರೂ ಮರದ ಕೆಳಗೆ ಕೂತವನಿಗೆ
ನೆರಳಿನಷ್ಟು ಕಾನೂನು ಗೊತ್ತಿರುತ್ತದೆ:
ಎಫ್‌ಐಆರ್ ನಕಲು ಕೇಳಿ ತಗೋ. ಗಾಯದ ಸರ್ಟಿಫಿಕೇಟಿನಲ್ಲಿ
ನಿನ್ನ ಹೆಸರಿನ ಕಾಗುಣಿತ ಆಧಾರ್ ಕಾರ್ಡಿನ ಹಾಗೇ ಇರಲಿ,
ಒಂದು ದೀರ್ಘ ತಪ್ಪಿದರೆ ಬೇರೆ ಹೆಂಗಸಾಗುತ್ತೀ.
ಎಕ್ಸ್‌ರೇ ಮಡಿಸಬೇಡ, ಔಷಧಿ ಚೀಟಿ ಬಿಸಾಡಬೇಡ,
ಆರು ತಿಂಗಳು ದಾಟಿಸಬೇಡ.
ಫೀಜಿಗೆ ದುಡ್ಡಿಲ್ಲವೆಂದು ಮನೆಗೆ ಹೋಗಬೇಡ,
ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ಹೆಂಗಸರಿಗೆ
ಬಡವಿಯೋ ಅಲ್ಲವೋ ಕೇಳದೆ ತೆರೆಯುತ್ತದೆ.

ಹದಿನೈದು ದಿನ ಬಿಟ್ಟು ಮತ್ತೆ ಬಂದಳು
ಅಲ್ಲಿಯ ವಕೀಲೆ ಬರೆದ ಕರಡು ಹಿಡಿದು.
ಹೆಸರು. ಗಂಡನ ಹೆಸರು. ವಯಸ್ಸು ನಲವತ್ತಾರು, ಅಂದಾಜು.
ಕಾಲಂ ಏಳು ಖಾಲಿ. ಬೆರಳು ನಿಂತಿತು.

ತಿಂಗಳಿಗೆ ಎಷ್ಟಮ್ಮ?
ಸಾವ್ರಕ್ಕೆ ಇಷ್ಟು ಅಂತ.
ದಿನಕ್ಕೆ ಎಷ್ಟು ಸಾವಿರ?
ಬಿಸ್ಲಿದ್ರೆ ನಾಕು. ಮೋಡ ಇದ್ರೆ ಒಣಗಕಿಲ್ಲ.
ಮೊಮ್ಮಗೀಗೆ ಜ್ವರ ಬಂದ್ರೆ ಎರಡು.
ಪುರಾವೆ?

ಕಂತ್ರಾಟುದಾರ ಸಾಕ್ಷಿಗೆ ಬರುವುದಿಲ್ಲ.
ಬಂದರೆ ಅವಳು ಕೆಲಸದವಳೆಂದು ಒಪ್ಪಿದಂತೆ,
ಒಪ್ಪಿದರೆ ಹದಿನೆಂಟು ವರ್ಷದ ಇನ್ನೊಂದು ಲೆಕ್ಕ ಏಳುತ್ತದೆ.

ಸೊಂಟದ ಚೀಲದಿಂದ ತೆಗೆದಳು
ಅಂಗೈಯಗಲದ ಪುಸ್ತಕ. ಅವನದೇ ನೀಲಿ ಇಂಕು,
ಗೀಟಿನ ಪಕ್ಕ ಗೀಟು, ಗೀಟಿಗೊಂದು ಸಾವಿರ.
ಪುಟ ತಿರುಗಿಸಿದೆ, ಗಂಧ.
ಕಾರ್ಬನ್ನು, ಮಸಿ, ಪಕ್ಕದ ಟೀ ಅಂಗಡಿಯ ಸೀಮೆಎಣ್ಣೆ
ಎಲ್ಲವನ್ನೂ ದಾಟಿ ಬಂದ ಗಂಧ.
ಇದಕ್ಕೂ ಒಂದು ನಿಶಾನೆ ಹಾಕುತ್ತಾರೆ. ವಿಮೆಯ ವಕೀಲರು
ಮೂಗಿಗೆ ಹಿಡಿದು ಒಪ್ಪುವರೋ ಇಲ್ಲವೋ ನಾನರಿಯೆ.

ಡಾಕ್ಟರು ಬರೆದಿದ್ದಾರೆ: ಬಲಗೈ ನ್ಯೂನತೆ ಶೇಕಡ ನಲವತ್ತೆರಡು,
ಇಡೀ ದೇಹಕ್ಕೆ ಲೆಕ್ಕ ಹಾಕಿದರೆ ಹದಿನಾಲ್ಕು.
ಓದಿ ಹೇಳಿದೆ.
"ಕಡ್ಡಿ ಹೊಸೆಯೋದು ಇಡೀ ದೇಹ ಅಲ್ವಲ್ಲ,
ಈ ಮೂರು ಬೆಳ್ಳು."
ಕರಡಿನಲ್ಲಿ ಆ ಮಾತಿರಲಿಲ್ಲ. ಆದರೂ ಹೊಡೆದೆ,
ವಕೀಲೆ ಬೇಕಾದರೆ ಕಾಟು ಹಾಕಲಿ.
ಕನ್ನಡದ ಮಿಷನ್ನಿನಲ್ಲಿ ಒತ್ತು ಹೊಡೆದಾಗ
ಗಾಡಿ ಮುಂದೆ ಸರಿಯುವುದಿಲ್ಲ,
ಇದ್ದಲ್ಲೇ ಇನ್ನೊಂದು ಏಟು ಬೀಳುತ್ತದೆ.

ಮೂರು ಪ್ರತಿ. ದಾರ ಹಾಕಿ ಹೊಲಿದೆ.
ಎಷ್ಟಾಯ್ತು ಅಂದಳು. ಬೇಡ ಅಂದೆ.
"ಪುಕ್ಸಟ್ಟೆ ಬರ್ಸಿದ ಅರ್ಜಿ ನಿಲ್ಲಕಿಲ್ಲ ಬುಡಿ."
ಸೆರಗಿನ ಗಂಟನ್ನು ಹಲ್ಲಿನಿಂದ ಬಿಚ್ಚಿ
ಅರವತ್ತು ರೂಪಾಯಿ ಎಣಿಸಿ, ಚಾಚಿ,
ಅರ್ಧದಲ್ಲಿ ತಡೆದಳು.

"ಎಡಗೈಲಿ ಕೊಡ್ತಾವ್ನಿ. ತಪ್ಪು ತಿಳ್ಕಬ್ಯಾಡಿ."

ನಾನೂ ಎಡಗೈಯನ್ನೇ ಚಾಚಿದೆ.
ನೋಡಿದಳು. ನಕ್ಕಳು.
"ನಿಮ್ಗೇನಾಯ್ತು ಸ್ವಾಮಿ?"