ಮೂವತ್ತೈದು ಕುದುರೆ

ವಡ್ಡಹಳ್ಳಿ ಮಂಡಿಯ ಹಿಂದೆ ಜಬೀವುಲ್ಲಾನ ಶೆಡ್ಡಿನಲ್ಲಿ
ಡಾಕ್ಟರ್ ಅನಸೂಯಮ್ಮನ ಬಿಳಿ ಕಾರೂ ನನ್ನ ವ್ಯಾನೂ
ಅಕ್ಕಪಕ್ಕ ಬಾಯಿ ತೆರೆದು ನಿಂತ ದಿನ
ನಾನೇ ಬಗ್ಗಿ ನೋಡಿದೆ.
ಅದೇ ಬ್ಲಾಕು, ಎರಕದಲ್ಲಿ ಮೂಡಿದ ಅದೇ ಅಕ್ಷರ,
ನಾಲ್ಕು ಸಿಲಿಂಡರು, ಪಿಸ್ಟನ್ನಿನ ಅಳತೆಯೂ ಒಂದೇ.
ಆಕೆಯ ಪುಸ್ತಕದಲ್ಲಿ ಮಾತ್ರ ನೂರ ನಲವತ್ತು ಕುದುರೆ,
ನನ್ನದರಲ್ಲಿ ನೂರ ಐದು.

"ಉಳಿದ ಮೂವತ್ತೈದನ್ನ ಯಾರು ಹೊಡಕೊಂಡು ಹೋದ್ರು ಸಾಬ್ರೆ?"
ನಗುತ್ತಲೇ ಕೇಳಿದೆ, ಒಳಗೆ ಉರಿ.
ಐದು ವರ್ಷ ಕಂತು ಕಟ್ಟಿದವನು ನಾನು,
ತೂಕದಲ್ಲಿ ಮೋಸವಾದರೆ ತಕ್ಕಡಿಯನ್ನೇ ನೋಡುವ ಮಂಡಿಯವನು.

ಜಬೀವುಲ್ಲಾ ಉತ್ತರಿಸಲಿಲ್ಲ.
ಡಬ್ಬಿಯೊಳಗಿಂದ ಇಂಜೆಕ್ಟರ್ ಎತ್ತಿ
ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದ.

ನಾನೇ ಬಾಯಿಬಿಟ್ಟೆ:
ಕೋಲಾರದ ಬೈಪಾಸಿನಲ್ಲಿ ಲೋಕಿ ಅಂತ ಒಬ್ಬ ಹುಡುಗ,
ಲ್ಯಾಪ್‌ಟಾಪಿಗೆ ವೈರು ಚುಚ್ಚಿ ಅರ್ಧ ಗಂಟೆ ಕೂತರೆ
ಕಳೆದ ಕುದುರೆಗಳೆಲ್ಲ ಲಾಯಕ್ಕೆ ವಾಪಸ್ಸು,
ಎಂಟು ಸಾವಿರ, ಚೌಕಾಸಿ ಮಾಡಿದರೆ ಏಳು.

ಆಗ ಅವನು ಬೆಂಚಿನ ಕೆಳಗೆ ಕೈ ಹಾಕಿ
ಗೋಣಿಚೀಲದಲ್ಲಿ ಸುತ್ತಿದ್ದೊಂದನ್ನು ನನ್ನ ಅಂಗೈಗಿಟ್ಟ.
ಪಿಸ್ಟನ್. ನೆತ್ತಿಯಲ್ಲಿ ಹೆಬ್ಬೆರಳು ತೂರುವಷ್ಟು ತೂತು,
ಅಂಚು, ಹಂಚಿನ ಮೇಲೆ ಮರೆತ ಬೆಲ್ಲ.
"ಯಲ್ದೂರು ಗೋಪಿನಾಥಂದು.
ಹನ್ನೊಂದು ದಿನ ಎಲ್ಲರನ್ನೂ ಹಿಂದೆ ಹಾಕ್ದ.
ಹನ್ನೆರಡನೇ ದಿನ ಮೊಗಿಲಿ ಘಾಟು, ಬೆನ್ನ ಮೇಲೆ ಉಪ್ಪು."

ನನ್ನ ದಾರಿಯೂ ಅದೇ.
ಹೋಗುವಾಗ ಟೊಮ್ಯಾಟೊ, ಬರುವಾಗ ಉಪ್ಪು.
ಬೇಳೆ ಒಂದು ಸಿಕ್ಕರೆ ಸಾರು ಮಾಡಬಹುದು
ಎಂದು ಹೆಂಡತಿ ಆಡಿಕೊಳ್ಳುವ ದಾರಿ.

"ಡಾಕ್ಟರಮ್ಮ ಪೂರ್ತಿ ಒತ್ತೋದು ಎಷ್ಟು ಹೊತ್ತು ಹೇಳು.
ಒಂದು ಬಸ್ಸು ದಾಟೋವಷ್ಟು. ಆಮೇಲೆ ಇಂಜಿನ್ನು ಉಸಿರು ಬಿಡ್ತದೆ.
ನೀನು? ಗೋಡೆಯಂಥ ಮುಖ ಗಾಳಿಗೆ ಕೊಟ್ಟು
ಕಾಲು ಗಂಟೆ ನೆಲಕ್ಕೆ ಒತ್ತಿದ್ದು ಒತ್ತಿದ್ದೇ.
ಕುದುರೆ ಅಂದ್ರೆ ಬೆಂಕಿ ಕಣಪ್ಪಾ ಪಿಳ್ಳಪ್ಪ.
ಜಾಸ್ತಿ ಡೀಸೆಲ್ ಉರಿಸಿದ್ರೆ ಜಾಸ್ತಿ ಕುದುರೆ,
ಸರಿ, ಆ ಬಿಸಿ ಎಲ್ಲಿಗೆ ಹೋಗ್ಬೇಕು?
ಅದಕ್ಕೇ ಪೆಟ್ಟಿಗೆಯೊಳಗೆ ಕಂಪನಿಯವನು ಬರೆದಿಟ್ಟಿದ್ದಾನೆ:
ಇಷ್ಟೇ ಕುಡಿ.
ನಿನ್ನ ಟರ್ಬೊ ಚಿಕ್ಕದು, ಬೇಗ ಎಚ್ಚರ ಆಗ್ತದೆ,
ಸಾವಿರದ ಐನೂರು ಸುತ್ತಿಗೇ ಸೊಂಟ ಕಟ್ಟಿ ಎಳೀತದೆ.
ಅವರದಕ್ಕೆ ಎರಡು ಸಾವಿರ ದಾಟಿದ ಮೇಲೆ ಹುರುಪು.
ಅಲ್ಲಿ, ಅಷ್ಟು ಮೇಲೆ, ನಿಂಗೇನು ಕೆಲಸ?"

ಪೂರ್ತಿ ನಂಬಿದೆ ಅಂತ ಹೇಳಲಾರೆ.
ಕಂಪನಿಯವನ ಲೆಕ್ಕದಲ್ಲಿ ನನ್ನ ಮೇಲಿನ ಮಮತೆಗಿಂತ
ವಾರಂಟಿಯ ಭಯವೇ ದೊಡ್ಡದಿದ್ದೀತು.
ಆದರೆ ಆ ಪಿಸ್ಟನ್ನು
ಕೈಯಿಂದ ಕೆಳಗಿಟ್ಟ ಮೇಲೂ ಕೈಯಲ್ಲೇ ಇತ್ತು.

ಮೊನ್ನೆ ರಾತ್ರಿ ಘಾಟಿನಲ್ಲಿ ಮೂರನೇ ಗೇರು,
ಮುಳ್ಳು ಸಾವಿರದ ಎಂಟುನೂರರ ಮೇಲೆ ಕೂತುಬಿಟ್ಟಿತ್ತು,
ನೀರಿನ ಬಿಸಿಯ ಮುಳ್ಳು ಮಧ್ಯದಲ್ಲಿ, ಅಲುಗದೆ.
ಹಿಂದಿನಿಂದ ಒಂದು ಕಾರು ದೀಪ ಮಿಟುಕಿಸಿ, ಬೈದು,
ಬಾಣದ ಹಾಗೆ ತಿರುವಿನಲ್ಲಿ ಕರಗಿತು.
ನನ್ನ ಇಂಜಿನ್ನು ದನಿ ಬದಲಿಸಲಿಲ್ಲ.
ರಾಗಿ ಬೀಸುವಾಗ ನಮ್ಮಜ್ಜಿ, ಯಾರು ಬಾಗಿಲಿಗೆ ಬಂದರೂ
ತಲೆಯೆತ್ತದೆ, ಕಲ್ಲೂ ನಿಲ್ಲಿಸದೆ
"ಕೂತ್ಕಳ್ಳಿ" ಅನ್ನುತ್ತಿದ್ದಳು.

ನಂಗಲಿ ಬಂತು. ಟೀ ಅಂಗಡಿಯ ಬಲ್ಬು.
ಜಬೀವುಲ್ಲಾ ಹೇಳಿಕೊಟ್ಟ ಇನ್ನೊಂದು ಮಾತು:
ಹತ್ತಿ ಬಂದ ಕೂಡಲೇ ಕೀ ತಿರುಗಿಸಬೇಡ,
ಟರ್ಬೊ ಕೆಂಪಗಿರ್ತದೆ, ಒಂದು ನಿಮಿಷ ಬಿಡು.

ಬಿಟ್ಟೆ.
ಸೀಟಿನಲ್ಲೇ ಕೂತೆ.
ಅಂಗಡಿಯವನು ಲೋಟ ತೋರಿಸಿ ಕೈಸನ್ನೆ ಮಾಡಿದ,
ನಾನು ಒಂದು ಬೆರಳೆತ್ತಿದೆ.
ಅವನು ಒಂದು ಟೀ ಎಂದುಕೊಂಡ.